ಫ್ರೀಜರ್‌ನಲ್ಲಿಟ್ಟ ವಾಫಲ್‌ನಿಂದ ಬೆಳಗಿನ ಲಘು ತಿಂಡಿ: ಯಾವುದರಲ್ಲಿ ಬಿಸಿ ಮಾಡುವುದು, ಮೇಲೇನು ಹಾಕುವುದು, ಯಾವುದನ್ನು ಕೊಳ್ಳುವುದು

ಫ್ರೀಜರ್‌ನಲ್ಲಿಟ್ಟ ವಾಫಲ್‌ನಿಂದ ಬೆಳಗಿನ ತಿಂಡಿ ಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೂರು ಕಡೆ ತಡವರಿಸುತ್ತಾರೆ. ಯಾವ ಬಗೆಯ ವಾಫಲ್ ಕೊಳ್ಳಬೇಕು, ಅದನ್ನು ಯಾವುದರಲ್ಲಿ ಬಿಸಿ ಮಾಡಬೇಕು, ಮೇಲೆ ಏನು ಹಾಕಿಕೊಳ್ಳಬೇಕು ಎಂಬುವೇ ಆ ಮೂರು. ಹೆಚ್ಚಿನವರು ಮೊದಲನೆಯದಕ್ಕೇ ತಲೆ ಕೆಡಿಸಿಕೊಂಡು ಅಂಗಡಿಯಲ್ಲಿ ಪೊಟ್ಟಣಗಳನ್ನು ತಿರುವಿ ಹಾಕುತ್ತಾರೆ. ಉಳಿದೆರಡನ್ನು ಬೆಳಗಿನ ಅವಸರಕ್ಕೆ ಬಿಟ್ಟುಬಿಡುತ್ತಾರೆ. ನನ್ನ ಅನುಭವದಲ್ಲಿ ಲೆಕ್ಕ ತಿರುಗುಮುರುಗಾಗಿದೆ. ತಿಂಡಿ ರುಚಿಯಾಗುತ್ತದೆಯೇ ಎಂಬುದನ್ನು ಬಿಸಿ ಮಾಡುವ ಬಗೆ ನಿರ್ಧರಿಸುತ್ತದೆ, ಅದು ಹಗುರವಾಗುತ್ತದೆಯೇ ಎಂಬುದನ್ನು ಮೇಲೆ ಹಾಕುವ ಪದಾರ್ಥ ನಿರ್ಧರಿಸುತ್ತದೆ. ಪೊಟ್ಟಣದ ಪಾತ್ರ ಇವೆರಡರ ನಂತರದ್ದು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಅದನ್ನು ಕೊನೆಗೆ ಇಟ್ಟಿದ್ದೇನೆ.

ಪೊಟ್ಟಣದಲ್ಲಿ ಬರುವ ವಾಫಲ್ ಹಸಿ ಹಿಟ್ಟಲ್ಲ. ಕಾರ್ಖಾನೆಯಲ್ಲಿಯೇ ಅಚ್ಚಿನಲ್ಲಿ ಬೇಯಿಸಿ, ಆರಿಸಿ, ಘನೀಕರಿಸಿದ ತಿನಿಸು ಅದು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಫ್ರ್ಯಾಂಕ್ ಡೋರ್ಸಾ ಮತ್ತು ಅವರ ಸಹೋದರರು 1953ರಲ್ಲಿ ಇಂಥ ವಾಫಲ್‌ಗಳನ್ನು ಮಾರುಕಟ್ಟೆಗೆ ತಂದಾಗ ಮನೆಯವರಿಗೆ ಉಳಿಸಿಕೊಟ್ಟದ್ದು ಹಿಟ್ಟು ಕಲಸುವ ಮತ್ತು ಬೇಯಿಸುವ ಎರಡೂ ಕೆಲಸಗಳನ್ನು. ಎಗ್ಗೊ ಎಂಬ ಹೆಸರಿನಲ್ಲಿ ಆ ವಾಫಲ್‌ಗಳು ಇಂದಿಗೂ ಸಿಗುತ್ತವೆ. ಹೀಗಾಗಿ ಬೆಳಿಗ್ಗೆ ನಾವು ಮಾಡುವುದು ಅಡುಗೆಯಲ್ಲ, ಒಳಗಿನ ಹಿಮವನ್ನು ಕರಗಿಸಿ ಹೊರಗಿನ ಪದರವನ್ನು ಒಣಗಿಸುವ ಕೆಲಸ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಹೋಲಿಕೆ ತಾನಾಗಿ ಅರ್ಥವಾಗುತ್ತದೆ.

ಯಾವ ಅಳತೆಗೋಲಿನಿಂದ ಅಳೆಯುವುದು

ಸಮಯ ಮೊದಲನೆಯ ಅಳತೆ. ಇಲ್ಲಿ ಎರಡು ಬಗೆಯ ಸಮಯವಿದೆ: ಒಲೆಯೋ ಯಂತ್ರವೋ ತೆಗೆದುಕೊಳ್ಳುವ ಸಮಯ ಒಂದು, ನಾವು ಅದರ ಮುಂದೆ ನಿಂತಿರಬೇಕಾದ ಸಮಯ ಇನ್ನೊಂದು. ಓವನ್ ಹದಿನೈದು ನಿಮಿಷ ತೆಗೆದುಕೊಂಡರೂ ಅಷ್ಟರಲ್ಲಿ ಸ್ನಾನ ಮುಗಿಸಬಹುದು. ಕಾವಲಿ ಆರೇ ನಿಮಿಷ ಕೇಳಿದರೂ ಆ ಆರು ನಿಮಿಷ ಕೈಬಿಟ್ಟು ಹೋಗುವಂತಿಲ್ಲ. ಎರಡನೆಯದು ಗರಿಗರಿತನ. ಹೊರಗೆ ಗರಿ, ಒಳಗೆ ಮೃದು ಎಂಬ ಗುಣ ಕೈತಪ್ಪಿದರೆ ವಾಫಲ್ ಬರೀ ಸಿಹಿ ಬ್ರೆಡ್ಡಿನ ತುಂಡಾಗುತ್ತದೆ. ಮೂರನೆಯದು ಖರ್ಚು, ಇದರಲ್ಲಿ ಪೊಟ್ಟಣದ ಬೆಲೆಯಷ್ಟೇ ಅಲ್ಲ, ಉಪಕರಣದ ಬೆಲೆ ಮತ್ತು ವಿದ್ಯುತ್ತೂ ಸೇರುತ್ತವೆ. ಒಂದೇ ಹೊತ್ತಿಗೆ ಎಷ್ಟು ಜನ ತಿನ್ನಬೇಕು ಎಂಬುದನ್ನೂ ಯೋಚಿಸಬೇಕು.

ಇನ್ನುಳಿದ ಅಳತೆ ಹಗುರತನ. ಈ ಪದವನ್ನು ಎಲ್ಲರೂ ಬಳಸುತ್ತಾರೆ, ಆದರೆ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಕೆಲವರಿಗೆ ಹಗುರವೆಂದರೆ ಕಡಿಮೆ ಕ್ಯಾಲೊರಿ. ಕೆಲವರಿಗೆ ಹೊಟ್ಟೆಯಲ್ಲಿ ಭಾರವಾಗಿ ಕೂರದ ತಿಂಡಿ. ಇನ್ನು ಕೆಲವರು, ಎರಡು ಗಂಟೆಯೊಳಗೆ ಮತ್ತೆ ಹಸಿವಾಗದಂತೆ ತಡೆಯುವ, ಆದರೆ ಊಟದ ಹೊತ್ತಿಗೆ ಹಸಿವನ್ನು ಕೆಡಿಸದ ತಿಂಡಿಯನ್ನು ಹಗುರ ಎನ್ನುತ್ತಾರೆ. ಈ ಮೂರೂ ಬೇರೆ ಬೇರೆ ಬೇಡಿಕೆಗಳು. ಮೊದಲನೆಯದಕ್ಕೆ ಒಪ್ಪುವ ತಟ್ಟೆ ಮೂರನೆಯದಕ್ಕೆ ಒಪ್ಪದೆ ಹೋಗಬಹುದು. ಮುಂದಕ್ಕೆ ಓದುವ ಮುನ್ನ ತಮಗೆ ಬೇಕಾದ ಹಗುರತನ ಯಾವುದೆಂದು ಓದುಗರು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಬಿಸಿ ಮಾಡುವ ಬಗೆಗಳು

ಸಾಧಾರಣ ತೆಳು ವಾಫಲ್‌ಗೆ ಟೋಸ್ಟರ್‌ಗಿಂತ ಹೊಂದುವ ಉಪಕರಣ ಇನ್ನೊಂದಿಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಾದ ತಂತಿಗಳು ಎರಡೂ ಬದಿಗೆ ಒಟ್ಟಿಗೆ ಶಾಖ ಕೊಡುತ್ತವೆ, ಹೊರಬಂದ ಹಬೆ ಮೇಲಿನ ಸೀಳಿನಿಂದ ಹೋಗಿಬಿಡುತ್ತದೆ, ಎರಡರಿಂದ ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಹೆಚ್ಚಿನವರು ಮಾಡುವ ತಪ್ಪು ಒಂದೇ: ಗುಂಡಿಯನ್ನು ಗರಿಷ್ಠಕ್ಕೆ ತಿರುಗಿಸಿ ಒಂದೇ ಸುತ್ತಿನಲ್ಲಿ ಮುಗಿಸಲು ನೋಡುವುದು. ಆಗ ಏಣುಗಳು ಕಂದಿ ಹೋಗುತ್ತವೆ, ನಡುವಿನ ಭಾಗ ತಣ್ಣಗೇ ಉಳಿಯುತ್ತದೆ. ಅದರ ಬದಲು ಕಡಿಮೆ ಅಥವಾ ಮಧ್ಯಮ ಶಾಖದಲ್ಲಿ ಎರಡು ಸುತ್ತು ಹಾಕಬೇಕು. ಮೊದಲ ಸುತ್ತಿನಲ್ಲಿ ಹಿಮ ಕರಗಿ ನೀರು ಆವಿಯಾಗುತ್ತದೆ. ಎರಡನೆಯ ಸುತ್ತಿನಲ್ಲಿ, ಮೇಲ್ಮೈ ಒಣಗಿದ ಮೇಲಷ್ಟೇ, ಹೊಂಬಣ್ಣ ಬರುತ್ತದೆ. ನೀರಿರುವ ತನಕ ಮೇಲ್ಮೈಯ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತಿರುತ್ತದೆ. ಹೊಂಬಣ್ಣವನ್ನೂ ಸುಟ್ಟ ಹಿಟ್ಟಿನ ಪರಿಮಳವನ್ನೂ ಕೊಡುವ ಮೈಲಾರ್ಡ್ ಕ್ರಿಯೆಗೆ ವೇಗ ಬರುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಎರಡು ಸುತ್ತಿನ ಗುಟ್ಟು ಇಷ್ಟೇ. ಟೋಸ್ಟರ್‌ನ ಮಿತಿಯೂ ಸರಳ: ಒಮ್ಮೆಗೆ ಎರಡೋ ನಾಲ್ಕೋ ಹಿಡಿಸುತ್ತದೆ, ದಪ್ಪ ವಾಫಲ್ ಸೀಳಿನಲ್ಲಿ ಇಳಿಯುವುದಿಲ್ಲ.

ಮೈಕ್ರೋವೇವ್ ಇದಕ್ಕೆ ಪೂರ್ಣ ವಿರುದ್ಧ. ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ವಾಫಲ್ ಬಿಸಿಯಾಗುತ್ತದೆ, ಆದರೆ ಗರಿಯಾಗುವುದಿಲ್ಲ. ಅಲೆಗಳು ಒಳಗಿನ ನೀರನ್ನು ಕಾಯಿಸುತ್ತವೆ, ಆ ನೀರು ಹಬೆಯಾಗಿ ಹೊರಪದರದ ಮೂಲಕವೇ ಬರುತ್ತದೆ, ಸುತ್ತಲಿನ ಗಾಳಿ ತಣ್ಣಗಿರುವುದರಿಂದ ಪದರ ಒಣಗಲು ಅವಕಾಶವೇ ಇರುವುದಿಲ್ಲ. ಮಂಜುಗಡ್ಡೆಗಿಂತ ದ್ರವರೂಪದ ನೀರು ಈ ಅಲೆಗಳನ್ನು ಬಹಳ ಹೆಚ್ಚಾಗಿ ಹೀರುತ್ತದೆ. ಹಾಗಾಗಿ ಮೊದಲು ಕರಗಿದ ಅಂಚು ಸುಡುವಷ್ಟು ಬಿಸಿಯಾದರೂ ನಡು ಇನ್ನೂ ಗಡ್ಡೆಯಾಗಿಯೇ ಇರಬಹುದು. ತಟ್ಟೆಯ ಮೇಲೆ ನೇರವಾಗಿ ಇಟ್ಟು ಬಿಸಿ ಮಾಡಿದ ವಾಫಲನ್ನು ಎತ್ತಿ ನೋಡಿ: ಅದರ ಚೌಕಗಳ ನಕಲೇ ಎಂಬಂತೆ ತಟ್ಟೆಯ ಮೇಲೆ ಸಣ್ಣ ಸಣ್ಣ ನೀರ ಹನಿಗಳು ಜಾಲರಿಯಾಗಿ ಕೂತಿರುತ್ತವೆ. ಆ ನೀರು ವಾಫಲ್‌ನಿಂದ ಬಂದದ್ದು, ಎರಡು ನಿಮಿಷ ಹಾಗೇ ಬಿಟ್ಟರೆ ತಳವನ್ನು ಮೆತ್ತಗೆ ಮಾಡುವುದೂ ಅದೇ. ಆರುತ್ತ ಬಂದಂತೆ ಇಂಥ ವಾಫಲ್ ರಬ್ಬರಿನಂತಾಗುತ್ತದೆ. ಮೈಕ್ರೋವೇವ್ ಒಂದೇ ಇರುವವರು ತಟ್ಟೆಯ ಮೇಲೆ ಕಾಗದದ ಕರವಸ್ತ್ರ ಹಾಸಿ, ಅರ್ಧ ಶಕ್ತಿಯಲ್ಲಿ ಬಿಸಿ ಮಾಡಿ, ತೆಗೆದ ತಕ್ಷಣ ತಿಂದುಬಿಡುವುದೇ ಉತ್ತಮ. ಮೃದುವಾದದ್ದನ್ನೇ ಬಯಸುವ ಎಳೆಯ ಮಕ್ಕಳಿಗೂ, ಗಟ್ಟಿ ಕಚ್ಚಲಾಗದ ಹಿರಿಯರಿಗೂ ಇದೇ ಬಗೆ ಹಿತವಾಗಬಹುದು ಎಂಬುದನ್ನು ಮರೆಯಬಾರದು.

ನಾಲ್ಕೈದು ಜನ ಒಟ್ಟಿಗೆ ಕೂತು ತಿನ್ನುವ ಮನೆಗೆ ಓವನ್ ತಕ್ಕದ್ದು. 200 ಡಿಗ್ರಿಗೆ ಕಾಯಿಸಿಟ್ಟು, ತಟ್ಟೆಯಲ್ಲಿಡದೆ ನೇರವಾಗಿ ತಂತಿ ಜಾಲರಿಯ ಮೇಲೆ ಜೋಡಿಸಿದರೆ ಐದರಿಂದ ಏಳು ನಿಮಿಷದಲ್ಲಿ ಎಂಟು ಹತ್ತು ವಾಫಲ್‌ಗಳು ಒಂದೇ ಸಮ ಗರಿಯಾಗುತ್ತವೆ, ಕೊನೆಗೆ ಕೂತವರಿಗೂ ಬಿಸಿಯಾದದ್ದೇ ಸಿಗುತ್ತದೆ. ಒಬ್ಬರಿಗಾಗಿ ಓವನ್ ಹೊತ್ತಿಸುವುದು ಮಾತ್ರ ದಂಡ. 1000 ವಾಟ್‌ನ ಟೋಸ್ಟರ್ 3 ನಿಮಿಷಕ್ಕೆ ಬಳಸುವುದು 0.05 ಕಿಲೋವಾಟ್ ಗಂಟೆ. 2000 ವಾಟ್‌ನ ಓವನ್ ಕಾಯಲು ಹಿಡಿಯುವ ಹೊತ್ತೂ ಸೇರಿ 15 ನಿಮಿಷ ಪೂರ್ಣ ಶಕ್ತಿಯಲ್ಲಿ ಉರಿದರೆ 0.5 ಕಿಲೋವಾಟ್ ಗಂಟೆ, ಅಂದರೆ ಹತ್ತು ಪಟ್ಟು. ಏರ್ ಫ್ರೈಯರ್ ಇವೆರಡರ ನಡುವೆ ನಿಲ್ಲುತ್ತದೆ. 180 ಡಿಗ್ರಿಯಲ್ಲಿ ಮೂರರಿಂದ ಐದು ನಿಮಿಷ, ನಡುವೆ ಒಮ್ಮೆ ಮಗುಚಿದರೆ ಸಾಕು. ಬೀಸುವ ಬಿಸಿಗಾಳಿ ಚೌಕದ ಗುಳಿಗಳೊಳಗೂ ನುಗ್ಗುವುದರಿಂದ ಗರಿ ಟೋಸ್ಟರ್‌ಗಿಂತ ಒಂದು ಕೈ ಹೆಚ್ಚೇ. ದಪ್ಪ ವಾಫಲ್ ಇಷ್ಟಪಡುವವರಿಗೆ ಇದು ಒಳ್ಳೆಯ ದಾರಿ. ಆದರೆ ವಾಫಲ್‌ಗಾಗಿಯೇ ಒಂದು ಏರ್ ಫ್ರೈಯರ್ ಕೊಳ್ಳಿರೆಂದು ನಾನು ಯಾರಿಗೂ ಹೇಳಲಾರೆ. ಮನೆಯಲ್ಲಿದ್ದರೆ ಬಳಸಿ, ಇಲ್ಲದಿದ್ದರೆ ಟೋಸ್ಟರ್ ಸಾಕು.

ಯಾವ ಉಪಕರಣವೂ ಇಲ್ಲದವರಿಗೆ ಕಾವಲಿ ಇದ್ದೇ ಇದೆ, ಅದರಲ್ಲೊಂದು ತೊಡಕೂ ಇದೆ. ವಾಫಲ್‌ನ ಏಣುಗಳ ತುದಿ ಮಾತ್ರ ಕಾವಲಿಯನ್ನು ಮುಟ್ಟುತ್ತದೆ, ಗುಳಿಗಳ ತಳ ಮೇಲೆಯೇ ಉಳಿಯುತ್ತದೆ. ಜೋರು ಉರಿ ಹಚ್ಚಿದರೆ ಏಣು ಸೀದು ಗುಳಿ ತಣ್ಣಗಿರುತ್ತದೆ. ಆದ್ದರಿಂದ ಸಣ್ಣ ಉರಿಯಲ್ಲಿ ಮೊದಲ ಎರಡು ನಿಮಿಷ ಮುಚ್ಚಳ ಮುಚ್ಚಿ, ಒಳಗೆ ಕೂಡಿದ ಹಬೆಯಿಂದಲೇ ನಡುವಿನ ಹಿಮವನ್ನು ಕರಗಿಸಬೇಕು. ಆಮೇಲೆ ಮುಚ್ಚಳ ತೆಗೆದು, ಎರಡೂ ಬದಿಯನ್ನು ಒಂದೂವರೆ ಎರಡು ನಿಮಿಷದಂತೆ ಒಣಗಿಸಬೇಕು. ಬೇಕಿದ್ದರೆ ಕಾಲು ಚಮಚ ಬೆಣ್ಣೆ ಸವರಬಹುದು. ಅದಕ್ಕಿಂತ ಹೆಚ್ಚು ಹಾಕಿದರೆ ಗುಳಿಗಳು ಬೆಣ್ಣೆಯನ್ನು ಕುಡಿದು ಹಗುರತನವೇ ಹೊರಟು ಹೋಗುತ್ತದೆ.

ಯಾವುದರಲ್ಲಿ ಬಿಸಿ ಮಾಡಿದರೂ, ಇಳಿಸಿದ ವಾಫಲನ್ನು ಒಂದು ನಿಮಿಷ ತಂತಿ ಜಾಲರಿಯ ಮೇಲೆ, ಇಲ್ಲವೇ ಒಂದಕ್ಕೊಂದು ಆನಿಸಿ ಓರೆಯಾಗಿ ನಿಲ್ಲಿಸಿ ಬಿಡಿ. ಒಂದರ ಮೇಲೊಂದು ಪೇರಿಸಿಟ್ಟರೆ ತಳದ್ದರ ಹಬೆ ಮೇಲಿನದನ್ನು ಮೆತ್ತಗೆ ಮಾಡುತ್ತದೆ.

ಸುರಕ್ಷತೆಯ ವಿಷಯವನ್ನು ಇಲ್ಲಿಯೇ ಹೇಳಬೇಕು. ಬೆಂದದ್ದೇ ಆದರೂ ವಾಫಲನ್ನು ಕರಗಿಸಿ ಹಾಗೆಯೇ ತಿನ್ನಬಾರದು. 2024ರ ಅಕ್ಟೋಬರ್‌ನಲ್ಲಿ ಉತ್ತರ ಅಮೆರಿಕದಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸೇರಿರಬಹುದೆಂಬ ಶಂಕೆಯಿಂದ ಘನೀಕೃತ ವಾಫಲ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಈ ಬ್ಯಾಕ್ಟೀರಿಯಾ ಫ್ರೀಜರ್‌ನಲ್ಲಿ ಬೆಳೆಯದಿದ್ದರೂ ಸಾಯುವುದಿಲ್ಲ, ಫ್ರಿಜ್‌ನ ತಂಪಿನಲ್ಲಿ ನಿಧಾನವಾಗಿ ಬೆಳೆಯಲೂ ಬಲ್ಲದು. ಒಳಗಿನ ಉಷ್ಣತೆ 74 ಡಿಗ್ರಿ ತಲುಪುವಂತೆ ಬಿಸಿ ಮಾಡಿದರೆ ಸಾಯುತ್ತದೆ. ಗರ್ಭಿಣಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ವಾಪಸಾತಿಯ ಪ್ರಕಟಣೆ ಬಂದ ಪೊಟ್ಟಣವನ್ನಂತೂ ಬಿಸಿ ಮಾಡಿಯೂ ತಿನ್ನದೆ ಎಸೆಯಬೇಕು.

ಮೇಲೆ ಹಾಕುವುದು: ಹಗುರತನ ನಿರ್ಧಾರವಾಗುವ ಜಾಗ

ಸಾಧಾರಣ ತೆಳು ವಾಫಲ್ ಎರಡು ಸೇರಿ ಸುಮಾರು 70 ಗ್ರಾಂ ತೂಗುತ್ತವೆ, ಸುಮಾರು 180ರಿಂದ 200 ಕ್ಯಾಲೊರಿ ಕೊಡುತ್ತವೆ. ಪ್ರೋಟೀನ್ ನಾಲ್ಕೈದು ಗ್ರಾಂ, ನಾರಿನಂಶ ಒಂದು ಗ್ರಾಂ ಆಸುಪಾಸು. ಅಂದರೆ ವಾಫಲ್ ತಾನಾಗಿ ಭಾರದ ತಿಂಡಿಯಲ್ಲ. ಹೊಟ್ಟೆ ಹಿಡಿದು ನಿಲ್ಲಿಸುವ ತಿಂಡಿಯೂ ಅಲ್ಲ. ಅದರ ಮೇಲೆ ಒಂದು ದೊಡ್ಡ ಚಮಚ ಬೆಣ್ಣೆ ಹಾಕಿದರೆ 100 ಕ್ಯಾಲೊರಿ ಸೇರುತ್ತದೆ. ಮೇಪಲ್ ಸಿರಪ್ ದೊಡ್ಡ ಚಮಚಕ್ಕೆ ಸುಮಾರು 52 ಕ್ಯಾಲೊರಿ, 12 ಗ್ರಾಂ ಸಕ್ಕರೆ. ಒಂದು ದೊಡ್ಡ ಚಮಚಕ್ಕೆ ಯಾರೂ ನಿಲ್ಲಿಸುವುದಿಲ್ಲ ಎಂಬುದೇ ತೊಂದರೆ. ಬಾಟಲಿ ಬಗ್ಗಿಸಿ, ಗುಳಿಗಳೆಲ್ಲ ತುಂಬಿ ಅಂಚಿನಿಂದ ಇಳಿಯುವ ತನಕ ಹಾಕುವ ಅಭ್ಯಾಸ ನನಗೂ ಇತ್ತು. ಒಂದು ದಿನ ಅದೇ ಪ್ರಮಾಣವನ್ನು ಬಟ್ಟಲಿಗೆ ಸುರಿದು ಚಮಚದಿಂದ ಅಳೆದಾಗ ನಾಲ್ಕು ಚಮಚ ತುಂಬಿತು. ಅಲ್ಲಿಗೆ ಸಕ್ಕರೆಯೊಂದೇ 48 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರು ಹೊರಗಿನಿಂದ ಸೇರುವ ಸಕ್ಕರೆಯನ್ನು 50 ಗ್ರಾಮಿನೊಳಗೆ, ಸಾಧ್ಯವಾದರೆ 25 ಗ್ರಾಮಿನೊಳಗೆ ಇಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಶಿಫಾರಸಿನ ಲೆಕ್ಕ. ಜೇನುತುಪ್ಪವೂ ಸಿರಪ್ಪುಗಳೂ ಈ ಲೆಕ್ಕದೊಳಗೇ ಬರುತ್ತವೆ. ಒಂದು ತಟ್ಟೆಯಲ್ಲಿ ದಿನದ ಮಿತಿ ಮುಗಿದ ಮೇಲೆ ಅದನ್ನು ಲಘು ತಿಂಡಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅಂದಿನಿಂದ ಸಿರಪ್ಪನ್ನು ಪಕ್ಕದ ಬಟ್ಟಲಿಗೆ ಒಂದು ಚಮಚ ಹಾಕಿಕೊಂಡು, ತುಂಡುಗಳನ್ನು ಅದ್ದಿ ತಿನ್ನುತ್ತೇನೆ. ಅದ್ದಿದ ಸಿರಪ್ ನಾಲಿಗೆಗೆ ಮೊದಲು ತಾಗುವುದರಿಂದ ಸಿಹಿ ಕಡಿಮೆಯಾಯಿತೆಂದು ಅನಿಸುವುದಿಲ್ಲ, ವಾಫಲ್‌ನ ಗರಿಯೂ ಉಳಿಯುತ್ತದೆ.

ಕ್ಯಾಲೊರಿ ಕಡಿಮೆ ಇರಬೇಕೆನ್ನುವವರಿಗೆ ಹಣ್ಣಿಗಿಂತ ಒಳ್ಳೆಯ ಜೊತೆಯಿಲ್ಲ. ನೂರು ಗ್ರಾಂ ಸ್ಟ್ರಾಬೆರಿಯಲ್ಲಿ ಸುಮಾರು 32 ಕ್ಯಾಲೊರಿ, ಸೇಬಿನಲ್ಲಿ 52, ಬಾಳೆಹಣ್ಣಿನಲ್ಲಿ 89. ಘನೀಕೃತ ಬೆರಿ ಹಣ್ಣುಗಳ ಒಂದು ಹಿಡಿಯನ್ನು ಬಟ್ಟಲಲ್ಲಿ ಹಾಕಿ ನಲವತ್ತು ಸೆಕೆಂಡು ಬಿಸಿ ಮಾಡಿದರೆ ಅವು ಒಡೆದು ರಸ ಬಿಡುತ್ತವೆ. ಆ ಕಡುಗೆಂಪು ರಸವೇ ಸಿರಪ್ಪಿನ ಕೆಲಸ ಮಾಡುತ್ತದೆ, ಹಣ್ಣು ಹಾಳಾಗುವ ಭಯವೂ ಇಲ್ಲ. ಆದರೆ ಬರೀ ಹಣ್ಣು ಹಾಕಿಕೊಂಡರೆ ಬೇಗ ಹಸಿವಾಗುತ್ತದೆ. ಮಧ್ಯಾಹ್ನದ ತನಕ ತಡೆಯಬೇಕೆನ್ನುವವರು ಎರಡು ವಾಫಲ್‌ಗಳ ಬದಲು ಒಂದನ್ನೇ ತೆಗೆದುಕೊಂಡು, ಉಳಿದ ಜಾಗವನ್ನು ಪ್ರೋಟೀನ್‌ಗೆ ಬಿಡುವುದು ಜಾಣತನ. ಒಂದು ವಾಫಲ್ ಮತ್ತು ಒಂದು ಮೊಟ್ಟೆ ಸೇರಿದರೆ ಸುಮಾರು 165 ಕ್ಯಾಲೊರಿ, ಎಂಟು ಗ್ರಾಂ ಪ್ರೋಟೀನ್. ಅಂದರೆ ಎರಡು ಬರೀ ವಾಫಲ್‌ಗಳಿಗಿಂತ ಕ್ಯಾಲೊರಿ ಕಡಿಮೆ, ಪ್ರೋಟೀನ್ ಹೆಚ್ಚು. ಮೊಟ್ಟೆ ತಿನ್ನದವರು ನೀರು ಬಸಿದ ಗಟ್ಟಿ ಮೊಸರನ್ನು ಬಳಸಬಹುದು. ನೂರು ಗ್ರಾಮಿಗೆ ಒಂಬತ್ತು ಹತ್ತು ಗ್ರಾಂ ಪ್ರೋಟೀನ್ ಇರುತ್ತದೆ. ಮೊಸರನ್ನು ಮೊದಲೇ ಹರಡಿಟ್ಟರೆ ವಾಫಲ್ ನೆನೆದು ಹೋಗುತ್ತದೆ, ಹಾಗಾಗಿ ತಿನ್ನುವಾಗ ಹಾಕಿಕೊಳ್ಳಬೇಕು. ಕಡಲೆಕಾಯಿ ಬೆಣ್ಣೆ ಕೊಬ್ಬಿನಿಂದ ಕೂಡಿದ್ದು, ದೊಡ್ಡ ಚಮಚಕ್ಕೆ ಸುಮಾರು 95 ಕ್ಯಾಲೊರಿ. ಆದರೂ ಬಿಸಿ ವಾಫಲ್ ಮೇಲೆ ತೆಳ್ಳಗೆ ಸವರಿ, ಅದು ಗುಳಿಗಳಲ್ಲಿ ಕರಗಿ ಹೊಳೆಯುವಾಗ ನಾಲ್ಕು ಬಾಳೆಹಣ್ಣಿನ ಬಿಲ್ಲೆ ಇಟ್ಟರೆ, ಕೈಯಲ್ಲಿ ಹಿಡಿದು ನಡೆಯುತ್ತಲೇ ತಿನ್ನಬಹುದಾದ ತಿಂಡಿ ಸಿದ್ಧ. ಬಸ್ಸು ಹಿಡಿಯುವವರಿಗೆ ಇದಕ್ಕಿಂತ ಅನುಕೂಲದ್ದು ಇನ್ನೊಂದನ್ನು ನಾನು ಕಂಡಿಲ್ಲ.

ಚೀಸ್ ಹಾಕುವವರು ಉಪ್ಪಿನ ಕಡೆ ಗಮನ ಕೊಡಬೇಕು. ಎರಡು ವಾಫಲ್‌ಗಳಲ್ಲಿಯೇ ಬೇಕಿಂಗ್ ಪೌಡರ್ ಮತ್ತು ಉಪ್ಪಿನಿಂದಾಗಿ 350ರಿಂದ 450 ಮಿಲಿಗ್ರಾಂ ಸೋಡಿಯಂ ಸಾಮಾನ್ಯ; ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 2000 ಮಿಲಿಗ್ರಾಂ. ಒಂದು ವರ್ಷ ತುಂಬದ ಮಗುವಿನ ಪಾಲಿಗೆ ಜೇನುತುಪ್ಪವನ್ನು ಹಾಕಲೇಬಾರದು.

ಯಾವ ವಾಫಲ್

ತೆಳು ಸಾಧಾರಣ ವಾಫಲ್ ಅಗ್ಗವೂ ಹೌದು, ಬೇಗ ಬಿಸಿಯಾಗುವುದೂ ಹೌದು. ಅದರ ರುಚಿ ಸಪ್ಪೆಯಾಗಿರುವುದೇ ಅನುಕೂಲ, ಏಕೆಂದರೆ ಮೊಟ್ಟೆಗೂ ಹೊಂದುತ್ತದೆ, ಹಣ್ಣಿಗೂ ಹೊಂದುತ್ತದೆ. ಬೆಲ್ಜಿಯನ್ ಎಂಬ ಹೆಸರಿನಲ್ಲಿ ಬರುವ ದಪ್ಪ ವಾಫಲ್‌ಗಳು 1964ರ ನ್ಯೂಯಾರ್ಕ್ ವಿಶ್ವಮೇಳದ ನಂತರ ಅಮೆರಿಕದಲ್ಲಿ ಮನೆಮಾತಾದವು. ಇವುಗಳ ಗುಳಿ ಆಳ, ತೂಕ ಹೆಚ್ಚು, ಒಂದು ತಿಂದರೆ ಎರಡು ತೆಳು ವಾಫಲ್ ತಿಂದಷ್ಟಾಗುತ್ತದೆ. ಇವನ್ನು ಇಪ್ಪತ್ತು ಸೆಕೆಂಡು ಮೈಕ್ರೋವೇವ್‌ನಲ್ಲಿಟ್ಟು ಒಳಹಿಮ ಬಿಡಿಸಿ, ಆಮೇಲೆ ಓವನ್ನಿಗೋ ಏರ್ ಫ್ರೈಯರ್‌ಗೋ ಹಾಕುವುದು ಒಳ್ಳೆಯದು. ಬೆಲ್ಜಿಯಂನ ಲಿಯೇಜ್ ನಗರದ ಹೆಸರಿನ ಬಗೆಯದರಲ್ಲಿ ಹಿಟ್ಟಿನೊಳಗೇ ಸಕ್ಕರೆಯ ಹರಳುಗಳಿರುತ್ತವೆ. ಕರಗಿದ ಸಕ್ಕರೆ ತಂತಿಯ ಮೇಲೆ ತೊಟ್ಟಿಕ್ಕಿ ಹೊಗೆಯೇಳುವುದರಿಂದ ಅದನ್ನು ನಿಂತ ಟೋಸ್ಟರ್‌ಗೆ ಹಾಕಬಾರದು. ಲಘು ತಿಂಡಿಯ ಲೆಕ್ಕಕ್ಕೂ ಅದು ಬರುವುದಿಲ್ಲ.

ಇಡಿ ಧಾನ್ಯದ ವಾಫಲ್‌ಗೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲವೆಂಬುದು ನನ್ನ ಅನಿಸಿಕೆ, ಆದರೆ ಪೊಟ್ಟಣದ ಮುಂಭಾಗವನ್ನು ನಂಬಬಾರದು. ಹಿಂಭಾಗದ ಪಟ್ಟಿಯಲ್ಲಿ ಇಡಿ ಗೋಧಿಯೋ ಓಟ್ಸೋ ಮೊದಲ ಹೆಸರಾಗಿರಬೇಕು, ಒಂದು ಸಲದ ಪ್ರಮಾಣಕ್ಕೆ ಮೂರು ಗ್ರಾಮಾದರೂ ನಾರಿನಂಶ ಇರಬೇಕು. ಬಣ್ಣ ಕಂದಾಗಿದ್ದ ಮಾತ್ರಕ್ಕೆ ಇಡಿ ಧಾನ್ಯದ್ದಲ್ಲ. ಪ್ರೋಟೀನ್ ಸೇರಿಸಿದ ವಾಫಲ್‌ಗಳು ಒಂದು ಸಲದ ಪ್ರಮಾಣಕ್ಕೆ ಹತ್ತು ಗ್ರಾಂ ಅಥವಾ ಹೆಚ್ಚು ಪ್ರೋಟೀನ್ ಕೊಡುತ್ತವೆ. ಅವು ದುಬಾರಿ, ಬೇಗ ಕಂದುತ್ತವೆ, ಬಾಯಿಗೆ ಒಣ ಒಣ ಎನಿಸುತ್ತವೆ. ಮೊಟ್ಟೆಯನ್ನೋ ಮೊಸರನ್ನೋ ಜೊತೆಗೆ ತಿನ್ನುವವರಿಗೆ ಅವು ಬೇಕಾಗಿಲ್ಲ. ಬರೀ ವಾಫಲನ್ನೇ ಕೈಯಲ್ಲಿ ಹಿಡಿದು ಓಡುವವರಿಗೆ ಮಾತ್ರ ಆ ಹಣ ಸಾರ್ಥಕ. ಗ್ಲುಟನ್ (ಗೋಧಿಯಲ್ಲಿರುವ ಒಂದು ಪ್ರೋಟೀನ್) ರಹಿತ ವಾಫಲ್ ಅಗತ್ಯವಿದ್ದವರಿಗೆ ಆಯ್ಕೆಯಲ್ಲ, ಕಡ್ಡಾಯ. ಗ್ಲುಟನ್ ದೇಹಕ್ಕೆ ಒಗ್ಗದ ಸೀಲಿಯಾಕ್ ರೋಗವಿರುವವರು ಬೇರೆಯವರ ಬ್ರೆಡ್ ಹಾಕುವ ಟೋಸ್ಟರನ್ನು ಬಳಸಬಾರದು, ತಳದ ಪುಡಿಯೇ ತೊಂದರೆ ಕೊಡುತ್ತದೆ. ಆ ಅಗತ್ಯವಿಲ್ಲದವರು ಹಗುರವೆಂಬ ಕಾರಣಕ್ಕೆ ಅದನ್ನು ಕೊಂಡರೆ ಅಕ್ಕಿಹಿಟ್ಟು ಮತ್ತು ಪಿಷ್ಟಕ್ಕೆ ಹೆಚ್ಚು ಹಣ ತೆತ್ತಂತಾಗುತ್ತದೆ.

ಕೈಯಲ್ಲಿ ಹಣ ಕಡಿಮೆಯಿದ್ದು, ರಜೆಯ ದಿನ ಒಂದು ಗಂಟೆ ಬಿಡುವಿದ್ದು, ವಾಫಲ್ ಅಚ್ಚೂ ಇದ್ದರೆ ಇವೆಲ್ಲಕ್ಕಿಂತ ಮೇಲಿನ ದಾರಿ ಮನೆಯಲ್ಲೇ ಮಾಡಿ ಫ್ರೀಜರ್‌ಗೆ ಹಾಕುವುದು. ಸಕ್ಕರೆಯೂ ಉಪ್ಪೂ ನಮ್ಮ ಕೈಯಲ್ಲಿರುತ್ತವೆ, ಹಿಟ್ಟಿನ ಅರ್ಧದಷ್ಟು ಇಡಿ ಗೋಧಿ ಬೆರೆಸಬಹುದು. ಹೊಂಬಣ್ಣ ಬರುವ ಸ್ವಲ್ಪ ಮುಂಚೆಯೇ ತೆಗೆಯಬೇಕು, ಏಕೆಂದರೆ ಉಳಿದ ಬಣ್ಣವನ್ನು ಟೋಸ್ಟರ್ ಕೊಡುತ್ತದೆ. ಜಾಲರಿಯ ಮೇಲೆ ಪೂರ್ತಿ ಆರಿದ ಮೇಲೆ ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಹರಡಿ ಒಂದೆರಡು ಗಂಟೆ ಘನೀಕರಿಸಿ, ಆನಂತರ ಗಾಳಿ ಹಿಂಡಿ ತೆಗೆದ ಚೀಲಕ್ಕೆ ತುಂಬಬೇಕು. ಬಿಸಿಯಿರುವಾಗಲೇ ಚೀಲಕ್ಕೆ ಹಾಕಿದರೆ ಹಬೆ ಹಿಮದ ಹರಳಾಗಿ ಅಂಟಿಕೊಂಡು, ಬೆಳಿಗ್ಗೆ ಎಷ್ಟು ಒಣಗಿಸಿದರೂ ಗರಿ ಬರುವುದಿಲ್ಲ. ನಾಳೆಯೇ ತಿನ್ನುವುದಲ್ಲವೇ ಎಂದು ಫ್ರಿಜ್‌ನಲ್ಲಿ ಇಡುವುದೂ ಸರಿಯಲ್ಲ. ಬೆಂದ ಹಿಟ್ಟಿನ ಪಿಷ್ಟ ಮತ್ತೆ ಗಟ್ಟಿಯಾಗಿ ತಿನಿಸು ಹಳಸಲಾಗುವುದು ಫ್ರಿಜ್‌ನ ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿಯೇ ಅತಿ ವೇಗವಾಗಿ, ಮೈನಸ್ 18 ಡಿಗ್ರಿಯಲ್ಲಿ ಅದು ಬಹುತೇಕ ನಿಂತೇ ಹೋಗುತ್ತದೆ. ಚೀಲದ ಮೇಲೆ ದಿನಾಂಕ ಬರೆದಿಟ್ಟು ಎರಡು ತಿಂಗಳೊಳಗೆ ಮುಗಿಸಿದರೆ ರುಚಿ ಕೆಡುವುದಿಲ್ಲ, ಬೇಕಾದ ಬೆಳಿಗ್ಗೆ ಒಂದನ್ನು ತೆಗೆದು, ಕರಗಲು ಕಾಯದೆ, ನೇರವಾಗಿ ಟೋಸ್ಟರ್‌ಗೆ ಇಳಿಸಬಹುದು.